ಬೆಳಗಾಗುವಷ್ಟರಲ್ಲಿ ವಾಲುವ ಕ್ಯಾರವಾನ್: ಏರ್ ಸಸ್ಪೆನ್ಶನ್ ಸೋರಿಕೆ ಹಿಡಿಯುವ ಬಗೆ

ರಾತ್ರಿ ನೆಟ್ಟಗೆ ನಿಂತಿದ್ದ ಗಾಡಿ ಬೆಳಗ್ಗೆ ಎಡಕ್ಕೆ ವಾಲಿದ್ದರೆ ಗ್ಯಾರೇಜಿನಲ್ಲಿ ಮೊದಲು ಬರುವ ಮಾತು ಒಂದೇ: "ಬಲೂನ್ ಹೋಗಿದೆ ಸಾರ್, ಹೊಸದು ಹಾಕ್ಸಿಬಿಡಿ." ಹೋಗಿರಲೂಬಹುದು. ಆದರೆ ಬಹಳ ಸಲ ಹೋಗಿರುವುದಿಲ್ಲ. ಬಲೂನು, ಅಂದರೆ ಸ್ಪ್ರಿಂಗಿನ ಬದಲು ಗಾಡಿಯ ಭಾರ ಹೊರುವ, ಗಾಳಿ ತುಂಬಿದ ರಬ್ಬರ್ ಚೀಲ (ಬೆಲೋಸ್), ದುಬಾರಿ ಸಾಮಾನು. ಬಿಚ್ಚಿ ಕೂರಿಸುವ ಕೂಲಿ ಬೇರೆ. ಅದೇ ಗಾಳಿ ಲೈನಿನಲ್ಲಿರುವ ಒಂದು ಓ ರಿಂಗ್, ಅಂದರೆ ಜಾಯಿಂಟ್ ಸೋರದಂತೆ ತಡೆಯುವ ರಬ್ಬರ್ ಬಳೆ, ಕಾಫಿ ದುಡ್ಡಿಗೆ ಸಿಗುತ್ತದೆ. ಗಾಳಿ ಎಲ್ಲಿಂದ ಹೋಗುತ್ತಿದೆ ಅಂತ ಕಣ್ಣಾರೆ ಕಾಣುವವರೆಗೆ ಏನನ್ನೂ ಕೊಳ್ಳಬೇಡಿ.

ಇಲ್ಲಿ ಹೇಳುತ್ತಿರುವುದು ಹಳೇ ಟೂರಿಸ್ಟ್ ಬಸ್ಸಿನ ಚಾಸಿ ಮೇಲೆ ಕಟ್ಟಿಸಿದ ದೊಡ್ಡ ಕ್ಯಾರವಾನ್‌ಗಳ ಬಗ್ಗೆ. ಟ್ರಾವೆಲರ್‌ನಂಥ ಸಣ್ಣ ಗಾಡಿಯಲ್ಲಿ ಕಟ್ಟಿಸಿಕೊಂಡವರಿಗೆ ಕೆಳಗೆ ಕಮಾನ್ ಪಟ್ಟಾ (ಲೀಫ್ ಸ್ಪ್ರಿಂಗ್) ಇರುತ್ತದೆ, ಅವರಿಗೆ ಈ ತಲೆನೋವಿಲ್ಲ. ಹೆದ್ದಾರಿ 48ರಲ್ಲಿ ದಾವಣಗೆರೆ, ಚಿತ್ರದುರ್ಗ ದಾಟಿ ರಾತ್ರಿಯಿಡೀ ಓಡುವ ಸ್ಲೀಪರ್ ಬಸ್ಸುಗಳಲ್ಲಿ ಇರುವುದೂ ಇದೇ ವ್ಯವಸ್ಥೆ. ಹಾಗಾಗಿ ಈ ಕೆಲಸ ಗೊತ್ತಿರುವವರು ನಮ್ಮ ಕಡೆ ಸಿಗುತ್ತಾರೆ. ಆದರೆ ಬಸ್ಸಿಗೂ ಕ್ಯಾರವಾನಿಗೂ ಒಂದು ವ್ಯತ್ಯಾಸ ಇದೆ. ಬಸ್ಸು ದಿನಾ ಓಡುತ್ತದೆ, ಸೋರಿದ್ದನ್ನೆಲ್ಲ ಕಂಪ್ರೆಸರ್ ತುಂಬಿಸಿ ಮುಚ್ಚಿಹಾಕುತ್ತದೆ. ಕ್ಯಾರವಾನ್ ಸೂಳೆಕೆರೆ ಹತ್ತಿರವೋ ವಾಣಿ ವಿಲಾಸ ಸಾಗರದ ಹತ್ತಿರವೋ ಎರಡು ಮೂರು ದಿನ ಸುಮ್ನೆ ನಿಂತಿರುತ್ತದೆ. ಬಸ್ಸಿನಲ್ಲಿ ಯಾರಿಗೂ ಕಾಣದ ಸೋರಿಕೆ ಇಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಬಸ್ ಮೆಕ್ಯಾನಿಕ್ "ಇಷ್ಟು ಇರುತ್ತೆ ಬಿಡಿ" ಅಂದರೆ ಅವನ ಲೆಕ್ಕದಲ್ಲಿ ಅದು ಸರಿಯೇ.

ಗಾಳಿ ಹೋಗುವ ದಾರಿ

ಎಂಜಿನ್ನಿಗೆ ಜೋಡಿಸಿದ ಕಂಪ್ರೆಸರ್‌ನಿಂದ ಗಾಳಿ ಏರ್ ಡ್ರೈಯರ್‌ಗೆ ಬರುತ್ತದೆ. ಅಲ್ಲಿ ತೇವ ಹೀರಿಕೊಂಡ ಮೇಲೆ ಬ್ರೇಕ್ ಟ್ಯಾಂಕ್‌ಗಳಿಗೆ ಹೋಗುತ್ತದೆ. ಬ್ರೇಕಿಗೆ ಸಾಕಷ್ಟು ತುಂಬಿದ ಮೇಲೆಯೇ ಪ್ರೊಟೆಕ್ಷನ್ ವಾಲ್ವ್ ತೆರೆದು ಸಸ್ಪೆನ್ಶನ್ ಟ್ಯಾಂಕಿಗೆ ಗಾಳಿ ಬಿಡುತ್ತದೆ. ಮಾಮೂಲಾಗಿ ಅದು ತೆರೆಯುವುದು ಗಾಳಿಯ ಒತ್ತಡ 6 ಬಾರ್ ಆಸುಪಾಸು ಬಂದಾಗ. ಪೂರ್ತಿ ತುಂಬಿದಾಗ ಗೇಜ್ 8 ಬಾರ್‌ನ ಹತ್ತಿರ ನಿಲ್ಲುತ್ತದೆ, ಕೆಲವು ಗಾಡಿಗಳಲ್ಲಿ ಇನ್ನೂ ಜಾಸ್ತಿ. ಸಸ್ಪೆನ್ಶನ್ ಟ್ಯಾಂಕಿನಿಂದ ಲೆವೆಲಿಂಗ್ ವಾಲ್ವ್‌ಗಳಿಗೆ, ಅಲ್ಲಿಂದ ಬೆಲೋಸ್‌ಗೆ.

ಲೆವೆಲಿಂಗ್ ವಾಲ್ವ್ ಚಾಸಿಗೆ ಬೋಲ್ಟ್ ಆಗಿರುತ್ತದೆ. ಅದರ ತೋಳನ್ನು ಒಂದು ಸಣ್ಣ ಲಿಂಕ್ ರಾಡ್ ಆಕ್ಸಲ್‌ಗೆ ಕಟ್ಟಿರುತ್ತದೆ. ಬಾಡಿ ಕೆಳಗಿಳಿದರೆ ತೋಳು ಮೇಲೇಳುತ್ತದೆ, ವಾಲ್ವ್ ಗಾಳಿ ತುಂಬುತ್ತದೆ. ಬಾಡಿ ಎತ್ತರವಾದರೆ ತೋಳು ಇಳಿಯುತ್ತದೆ, ಗಾಳಿ ಹೊರಗೆ ಬಿಡುತ್ತದೆ. ಇದಕ್ಕೆ ಕೀ ಬೇಕಿಲ್ಲ, ಕರೆಂಟ್ ಬೇಕಿಲ್ಲ. ಗಾಡಿ ಆಫ್ ಆಗಿದ್ದರೂ ಟ್ಯಾಂಕಿನಲ್ಲಿ ಗಾಳಿ ಇರುವಷ್ಟು ಹೊತ್ತು ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಈ ಒಂದು ವಿಷಯ ಮರೆತವರೇ ಜಾಸ್ತಿ ದಾರಿ ತಪ್ಪುವುದು.

ಬಹಳಷ್ಟು ಬಸ್ ಚಾಸಿಗಳಲ್ಲಿ ವಾಲ್ವ್ ಮೂರು. ಮುಂದಿನ ಆಕ್ಸಲ್‌ಗೆ ಒಂದು, ಹಿಂದೆ ಎಡಕ್ಕೊಂದು ಬಲಕ್ಕೊಂದು. ನಿಮ್ಮದರಲ್ಲಿ ಎಷ್ಟಿವೆ, ಎಲ್ಲಿವೆ ಅಂತ ಮೊದಲು ಬಗ್ಗಿ ನೋಡಿಟ್ಟುಕೊಳ್ಳಿ.

ಕೆಳಗೆ ನುಗ್ಗುವ ಮೊದಲು

ಗಾಳಿಯ ಮೇಲೆ ನಿಂತಿರುವ ಗಾಡಿಯ ಕೆಳಗೆ ಮಲಗಬೇಡಿ. ಜಾಕಿ ಒಂದನ್ನೇ ನಂಬಬೇಡಿ. ಪೈಪ್ ಒಂದು ಕಿತ್ತರೆ, ಅಥವಾ ಲೆವೆಲಿಂಗ್ ವಾಲ್ವ್‌ನ ತೋಳಿಗೆ ಮೊಣಕೈ ತಾಗಿದರೆ ಸಾಕು, ಟನ್‌ಗಟ್ಟಲೆ ಬಾಡಿ ಕೆಳಗಿಳಿದುಬಿಡುತ್ತದೆ. ಸರಿದುಕೊಳ್ಳಲು ಹೊತ್ತಿರುವುದಿಲ್ಲ. ಚಕ್ರಕ್ಕೆ ಹಿಂದೆ ಮುಂದೆ ಅಡ್ಡಗಲ್ಲು ಕೊಡಿ. ಚಾಸಿಯ ಉದ್ದ ತೊಲೆಯ ಕೆಳಗೆ ಭಾರಕ್ಕೆ ತಕ್ಕ ಸ್ಟ್ಯಾಂಡ್ ಇಡಿ, ಆಮೇಲೆ ಕೆಳಗೆ ಹೋಗಿ. ಇಟ್ಟಿಗೆ, ಹಾಲೋ ಬ್ಲಾಕ್ ಬೇಡವೇ ಬೇಡ, ಅವು ಸದ್ದಿಲ್ಲದೆ ಒಡೆಯುತ್ತವೆ. ಪೈಪ್ ಬಿಚ್ಚುವ ಮೊದಲು ಆ ಲೈನಿನ ಗಾಳಿ ಪೂರ್ತಿ ಬಿಡಿ, ಕಣ್ಣಿಗೆ ಕನ್ನಡಕ ಹಾಕಿ. ಇದೆಲ್ಲ ಅತಿ ಅನ್ನಿಸಿದರೆ ಕೆಳಗಿನ ಕೆಲಸ ಗ್ಯಾರೇಜಿಗೆ ಬಿಡಿ. ಅಳತೆ ತೆಗೆಯುವ ಕೆಲಸ ನೀವೇ ಮಾಡಿ, ಅದಕ್ಕೆ ಗಾಡಿ ಕೆಳಗೆ ಹೋಗಬೇಕಿಲ್ಲ.

ಮೊದಲು ಅಳತೆ, ಆಮೇಲೆ ಸೋಪು

ಎಲ್ಲರೂ ಮೊದಲು ಸೋಪು ನೀರಿನ ಬಕೆಟ್ ಹಿಡಿದುಕೊಂಡು ಓಡುತ್ತಾರೆ. ಹತ್ತಾರು ಅಡಿ ಉದ್ದದ ಗಾಡಿಯಲ್ಲಿ ನೂರಾರು ಜಾಯಿಂಟ್ ಇರುತ್ತವೆ, ಎಲ್ಲಕ್ಕೂ ಸೋಪು ಹಚ್ಚುತ್ತಾ ಹೋದರೆ ಸಂಜೆಯಾಗುತ್ತದೆ. ಒಂದು ರಾತ್ರಿ ಗಾಡಿಯನ್ನು ಅದರ ಪಾಡಿಗೆ ಬಿಟ್ಟು ನೋಡಿದರೆ ಹುಡುಕುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ.

ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ. ಗಾಳಿ ಪೂರ್ತಿ ತುಂಬಿ ಡ್ರೈಯರ್ ಒಮ್ಮೆ "ಫುಸ್" ಅಂತ ಬಿಟ್ಟ ಮೇಲೆ ಎಂಜಿನ್ ಆಫ್ ಮಾಡಿ. ನಾಲ್ಕೂ ಚಕ್ರದ ಹತ್ತಿರ, ರಿಮ್‌ನ ನಡುವಿನಿಂದ ನೇರ ಮೇಲಕ್ಕೆ ಬಾಡಿಯ ಅಂಚಿನವರೆಗೆ ಟೇಪ್ ಹಿಡಿದು ಬರೆದುಕೊಳ್ಳಿ. ಗೇಜ್ ಎಷ್ಟಿದೆ ಅಂತಲೂ ಬರೆಯಿರಿ. ಒಂದು ಮಾತು: ಡ್ಯಾಶ್‌ಬೋರ್ಡಿನ ಗೇಜ್ ತೋರಿಸುವುದು ಬ್ರೇಕ್ ಟ್ಯಾಂಕ್‌ಗಳ ಗಾಳಿಯನ್ನು. ಸಸ್ಪೆನ್ಶನ್ ಟ್ಯಾಂಕಿಗೆ ಬೇರೆ ಗೇಜ್ ಕೂರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಟ್ಯಾಂಕಿನಲ್ಲಿ ಟೆಸ್ಟ್ ಪಾಯಿಂಟ್ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಲೈನಿನಲ್ಲಿ ಒಂದು ಟೀ (T ಆಕಾರದ) ಜಾಯಿಂಟ್ ಹಾಕಿಸಿ.

ಒಂದು ಗಂಟೆ ಕಳೆದ ಮೇಲೆ ಒಮ್ಮೆ, ಮಲಗುವ ಮೊದಲು ಒಮ್ಮೆ, ಬೆಳಗ್ಗೆ ಎದ್ದ ಕೂಡಲೇ ಒಮ್ಮೆ ನೋಡಿ. ಬೆಳಗಿನ ಅಳತೆ ಆಗುವವರೆಗೆ ಗಾಡಿಯೊಳಗೆ ಯಾರೂ ಓಡಾಡಬಾರದು. ನೀರಿನ ಟ್ಯಾಂಕ್ ತುಂಬಿಸುವುದೂ ಬೇಡ. ಭಾರ ಬದಲಾದರೆ ವಾಲ್ವ್ ಗಾಳಿ ಬಿಟ್ಟು ತುಂಬಿ ಲೆಕ್ಕ ಕೆಡಿಸುತ್ತದೆ.

ಗೇಜ್ ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ. ನಮ್ಮ ಕಡೆ ಬೇಸಿಗೆಯಲ್ಲಿ ಸಂಜೆ 38 ಡಿಗ್ರಿ, ಬೆಳಗಿನ ಜಾವ 22 ಅಂತಿಟ್ಟುಕೊಳ್ಳಿ. ಗಾಳಿ ತಣ್ಣಗಾದಷ್ಟಕ್ಕೇ 8 ಬಾರ್ ಇದ್ದದ್ದು ಏಳೂವರೆಗೆ ಬರುತ್ತದೆ. ಅದು ಸೋರಿಕೆ ಅಲ್ಲ. ಆಗ ತಾನೇ ಬಿಸಿಬಿಸಿ ತುಂಬಿದ ಗಾಳಿಯಾದರೆ ಇನ್ನೂ ಚೂರು ಜಾಸ್ತಿ ಇಳಿಯುತ್ತದೆ. ಅದನ್ನು ಮೀರಿ ಇಳಿದರೆ ಮುಂದಕ್ಕೆ ಹೋಗೋಣ.

ಬೆಳಗಿನ ಅಳತೆ ಏನು ಹೇಳುತ್ತದೆ

ಸಸ್ಪೆನ್ಶನ್ ಟ್ಯಾಂಕ್ ಖಾಲಿ, ಆದರೆ ಬಾಡಿ ನಾಲ್ಕೂ ಕಡೆ ನಿಂತಲ್ಲೇ ನಿಂತಿದೆ. ಇದು ಒಳ್ಳೇ ಸುದ್ದಿ. ಬೆಲೋಸ್ ಎಲ್ಲವೂ ಸರಿ ಇವೆ. ಲೆವೆಲಿಂಗ್ ವಾಲ್ವ್‌ನ ಒಳಗೆ ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವ ಚೆಕ್ ವಾಲ್ವ್ ತನ್ನ ಕೆಲಸ ಮಾಡಿದೆ. ಸೋರಿಕೆ ಟ್ಯಾಂಕಿನಲ್ಲಿ, ಅದರ ನೀರು ಬಿಡುವ ಡ್ರೈನ್ ವಾಲ್ವ್‌ನಲ್ಲಿ, ಅಥವಾ ಟ್ಯಾಂಕಿನಿಂದ ಲೆವೆಲಿಂಗ್ ವಾಲ್ವ್‌ವರೆಗಿನ ಪೈಪಿನಲ್ಲಿ ಇದೆ. ಅದೇ ಟ್ಯಾಂಕಿನಿಂದ ಬಾಗಿಲಿಗೆ, ಹಾರ್ನ್‌ಗೆ, ಡ್ರೈವರ್ ಸೀಟಿಗೆ ಗಾಳಿ ಹೋಗುತ್ತಿದ್ದರೆ ಅವನ್ನೂ ಬಿಡಬೇಡಿ. ಡ್ರೈವರ್ ಸೀಟಿನ ಕೆಳಗಿನ ಪುಟ್ಟ ಪೈಪು ಸೋರಿ, ಬೈಗುಳ ಹಿಂದಿನ ಬಲೂನಿಗೆ ಬೀಳುವುದು ಉಂಟು.

ಟ್ಯಾಂಕ್ ಖಾಲಿ, ಒಂದು ಕಡೆ ಮಾತ್ರ ಕುಸಿದಿದೆ. ಆ ಕಡೆಯ ಲೆವೆಲಿಂಗ್ ವಾಲ್ವ್‌ನಲ್ಲಿ, ಇಲ್ಲವೇ ಅದರಿಂದ ಆಚೆಗೆ ಸೋರಿಕೆ. ಮೂಲೆ ಇಳಿದ ಹಾಗೆಲ್ಲ ವಾಲ್ವ್ ಟ್ಯಾಂಕಿನಿಂದ ಗಾಳಿ ಎಳೆದು ತುಂಬುತ್ತಾ ಬಂದಿದೆ, ಟ್ಯಾಂಕ್ ಬರಿದಾದ ಮೇಲೆ ಕೈಚೆಲ್ಲಿದೆ. ಮೊದಲ ಕೆಲವು ಗಂಟೆ ಗಾಡಿ ನೆಟ್ಟಗೇ ನಿಂತು, ನಡುರಾತ್ರಿಯ ಮೇಲೆ ವಾಲುವುದು ಇದರ ಲಕ್ಷಣ.

ಟ್ಯಾಂಕ್ ತುಂಬಿಯೇ ಇದೆ, ಆದರೂ ಒಂದು ಮೂಲೆ ಕೆಳಗೆ. ಇಲ್ಲಿ ಬೆಲೋಸ್ ಮೇಲೆ ಅನುಮಾನ ಪಡುವ ಮೊದಲು ವಾಲ್ವ್ ನೋಡಿ. ಲಿಂಕ್ ರಾಡ್ ಕಳಚಿದೆಯಾ, ಬಾಗಿದೆಯಾ, ರಬ್ಬರ್ ಬುಷ್ ಸವೆದು ಲೊಡಲೊಡ ಅನ್ನುತ್ತಿದೆಯಾ? ವಾಲ್ವ್‌ಗೆ ಬರುವ ಪೈಪ್ ಕಟ್ಟಿಕೊಂಡಿದೆಯಾ? ಮೂಲೆ ಇಳಿದರೂ ವಾಲ್ವ್ ಗಾಳಿ ಕೊಡುತ್ತಿಲ್ಲ ಅಂದರೆ ತಪ್ಪು ಅಲ್ಲೇ.

ಟ್ಯಾಂಕೂ ಖಾಲಿ, ನಾಲ್ಕೂ ಮೂಲೆ ಕೆಳಗೆ: ಟ್ಯಾಂಕಿನ ಕಡೆ ಸೋರಿಕೆ ಇದೆ, ಜೊತೆಗೆ ಚೆಕ್ ವಾಲ್ವ್‌ಗಳೂ ಹಳತಾಗಿವೆ. ಹಳೇ ಚಾಸಿಯಲ್ಲಿ ಇದು ಅಪರೂಪವಲ್ಲ.

ಬ್ರೇಕ್ ಗೇಜೂ ಇಳಿದು ಬಜರ್ ಕೂಗುವ ಮಟ್ಟಕ್ಕೆ ಬಂದಿದ್ದರೆ ಅದು ಸಸ್ಪೆನ್ಶನ್ ವಿಷಯವೇ ಅಲ್ಲ. ಸಸ್ಪೆನ್ಶನ್ ಎಷ್ಟೇ ಸೋರಿದರೂ ಬ್ರೇಕಿನ ಗಾಳಿಯನ್ನು ಪ್ರೊಟೆಕ್ಷನ್ ವಾಲ್ವ್ ಕಾಪಾಡಬೇಕು. ಕಾಪಾಡುತ್ತಿಲ್ಲ ಅಂದರೆ ಒಂದೋ ಆ ವಾಲ್ವ್ ಕೆಟ್ಟಿದೆ, ಇಲ್ಲವೇ ಬ್ರೇಕ್ ಲೈನೇ ಸೋರುತ್ತಿದೆ. ಗಾಡಿ ಅಲ್ಲಾಡಿಸಬೇಡಿ, ಮೊದಲು ಬ್ರೇಕ್ ರಿಪೇರಿ.

ಇನ್ನೊಂದು ಮೋಸ ಇದೆ. ಬಲ ಹಿಂದಿನ ಬೆಲೋಸ್ ಇಳಿದರೆ ಬಾಡಿ ಪೂರ್ತಿ ಬಲಕ್ಕೆ ವಾಲುತ್ತದೆ, ಮುಂದಿನ ಬಲ ಚಕ್ರದ ಹತ್ತಿರವೂ ಅಳತೆ ಕಮ್ಮಿ ಬರುತ್ತದೆ. ಅದನ್ನು ನೋಡಿ ಮುಂದೆಯೂ ಸೋರುತ್ತಿದೆ ಅಂದುಕೊಳ್ಳುತ್ತಾರೆ. ಮುಂದೆ ಒಂದೇ ವಾಲ್ವ್ ಇದ್ದರೆ ಎಡ ಬಲ ಎರಡೂ ಬೆಲೋಸ್ ಒಂದೇ ಲೈನಿನಲ್ಲಿರುತ್ತವೆ. ಒಂದು ಸೋರಿದರೆ ಎರಡೂ ಸಮವಾಗಿ ಇಳಿಯುತ್ತವೆ. ಅಂದರೆ ಮುಂಭಾಗ ನೆಟ್ಟಗೆ ಕುಸಿದಿದ್ದರೆ ಸೋರಿಕೆ ಯಾವ ಕಡೆ ಅಂತ ಅಳತೆ ಹೇಳುವುದಿಲ್ಲ. ಒಂದು ಪಕ್ಕಕ್ಕೆ ವಾಲಿದ್ದರೆ ಹಿಂದಿನ ಆಕ್ಸಲ್ ಕಡೆಯಿಂದ ಹುಡುಕಲು ಶುರು ಮಾಡಿ.

ಬಾಲ್ ಕಾಕ್ ಹಾಕಿ ಬೇರೆ ಮಾಡುವುದು

ಒಂದು ಕಡೆ ಅಂತ ಗೊತ್ತಾದ ಮೇಲೆ ಉಳಿದ ಪ್ರಶ್ನೆ: ವಾಲ್ವ್ ಸೋರುತ್ತಿದೆಯಾ, ಬೆಲೋಸ್ ಸೋರುತ್ತಿದೆಯಾ? ಗಾಳಿ ಪೂರ್ತಿ ಬಿಟ್ಟು, ಬಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ವಾಲ್ವ್‌ಗೂ ಬೆಲೋಸ್‌ಗೂ ನಡುವೆ ಪೈಪಿನ ಅಳತೆಗೆ ಸರಿಯಾದ ಒಂದು ಗಾಳಿಯ ಬಾಲ್ ಕಾಕ್, ಅಂದರೆ ಕೈಯಲ್ಲಿ ತಿರುಗಿಸಿ ತೆರೆದು ಮುಚ್ಚುವ ವಾಲ್ವ್, ಕೂರಿಸಿ. ತೆರೆದಿಟ್ಟು ಗಾಳಿ ತುಂಬಿಸಿ, ಗಾಡಿ ತನ್ನ ಎತ್ತರಕ್ಕೆ ಬಂದ ಮೇಲೆ ಕಾಕ್ ಮುಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಆ ಮೂಲೆ ಇಳಿದಿದ್ದರೆ ಕಾಕ್‌ನಿಂದ ಆಚೆ, ಅಂದರೆ ಬೆಲೋಸ್ ಅಥವಾ ಅದರ ಯೂನಿಯನ್ (ಪೈಪ್ ಸೇರುವ ಜಾಯಿಂಟ್). ಇಳಿಯದಿದ್ದರೆ ಬೆಲೋಸ್ ಪಾಪ, ಅದರ ತಪ್ಪಿಲ್ಲ. ನೈಲಾನ್ ಪೈಪನ್ನು ಪ್ಲೈಯರ್‌ನಲ್ಲಿ ಹಿಸುಕಿ ಈ ಪರೀಕ್ಷೆ ಮಾಡುವವರಿದ್ದಾರೆ, ಹಿಸುಕಿದ ಜಾಗದಲ್ಲಿ ಪೈಪು ಆಮೇಲೆ ಸೀಳುತ್ತದೆ. ಪರೀಕ್ಷೆ ಮುಗಿದ ಮೇಲೆ ಕಾಕ್ ತೆಗೆಯಿರಿ, ಮುಚ್ಚಿದ ಕಾಕ್‌ನಲ್ಲಿ ಗಾಡಿ ಓಡಿಸಬಾರದು.

ಲೆವೆಲಿಂಗ್ ವಾಲ್ವ್‌ಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಅದರ ಗಾಳಿ ಹೊರಹೋಗುವ ಬಾಯಿಗೆ ಹುಟ್ಟುಹಬ್ಬದ ಬಲೂನೊಂದನ್ನು ಸಿಕ್ಕಿಸಿ. ಗಾಡಿ ಸಮ ಎತ್ತರದಲ್ಲಿ ಸುಮ್ನೆ ನಿಂತಿರುವಾಗ ಆ ಬಾಯಿಂದ ಗಾಳಿ ಬರಲೇಬಾರದು. ಬಲೂನು ಮೆಲ್ಲಗೆ ಉಬ್ಬುತ್ತಾ ಬಂದರೆ ವಾಲ್ವ್‌ನ ಸೀಟು, ಅಂದರೆ ಒಳಗೆ ಗಾಳಿ ಮುಚ್ಚಿ ಹಿಡಿಯುವ ಜಾಗ, ಸರಿಯಾಗಿ ಹಿಡಿಯುತ್ತಿಲ್ಲ. ಹಾಗಂತ ಕೂಡಲೇ ಹೊಸದು ತರಬೇಡಿ. ಲಿಂಕ್ ಬಿಚ್ಚಿ ತೋಳನ್ನು ಪೂರ್ತಿ ಮೇಲೆ ಕೆಳಗೆ ಆಡಿಸಿ, ರಭಸಕ್ಕೆ ಸೀಟಿನ ಮೇಲೆ ಕೂತ ಕಸ ಹಾರಿಹೋಗಬಹುದು. ತೋಳು ಮೇಲೆ ಅಂದರೆ ತುಂಬಬೇಕು, ಕೆಳಗೆ ಅಂದರೆ ಬಿಡಬೇಕು, ನಡುವೆ ಮೌನ. ಕೆಲವು ವಾಲ್ವ್‌ಗಳು ಕೆಲವು ಸೆಕೆಂಡ್ ತಡವಾಗಿ ಕೆಲಸ ಮಾಡುತ್ತವೆ, ಅದು ದೋಷವಲ್ಲ. ಇದನ್ನೆಲ್ಲ ಸ್ಟ್ಯಾಂಡ್ ಇಟ್ಟು, ಪಕ್ಕದಿಂದ ಕೈ ಹಾಕಿ ಮಾಡಿ, ಬಾಡಿ ಏರಿಳಿಯುತ್ತದೆ. ಆ ಬಾಯಿಯನ್ನೊಮ್ಮೆ ಟಾರ್ಚ್ ಹಾಕಿ ನೋಡಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಕಡಜ ಅಲ್ಲಿ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಆಗ ಗಾಳಿ ಹೊರಗೆ ಹೋಗಲಾಗದೆ ಆ ಮೂಲೆ ಎತ್ತರದಲ್ಲೇ ನಿಲ್ಲುತ್ತದೆ, ನೋಡುವವರಿಗೆ ಎದುರಿನ ಮೂಲೆ ಕುಸಿದ ಹಾಗೆ ಕಾಣುತ್ತದೆ.

ಕರೆಂಟಿನಲ್ಲಿ ನಡೆಯುವ ಲೆವೆಲಿಂಗ್ ಇರುವ ಹೊಸ ಚಾಸಿಯಾದರೆ ವಾಲ್ವ್‌ಗಳ ಜಾಗದಲ್ಲಿ ಸೊಲೆನಾಯ್ಡ್ ಬ್ಲಾಕ್, ಅಂದರೆ ಕರೆಂಟಿನಲ್ಲಿ ತೆರೆದು ಮುಚ್ಚುವ ವಾಲ್ವ್‌ಗಳ ಗುಂಪು, ಇರುತ್ತದೆ. ಅದರ ಗಾಳಿ ಬಿಡುವ ಬಾಯಿಗೂ ಇದೇ ಬಲೂನ್ ಪರೀಕ್ಷೆ ನಡೆಯುತ್ತದೆ. ಸೆನ್ಸರ್ ದೋಷಕ್ಕೆ ಸ್ಕ್ಯಾನರ್ ಬೇಕು.

ಈಗ ಸೋಪು

ಪಾತ್ರೆ ತೊಳೆಯುವ ಲಿಕ್ವಿಡ್ ನೀರಿಗೆ ಬೆರೆಸಿ, ಸ್ಪ್ರೇ ಬಾಟಲಿಯಲ್ಲಿ ತುಂಬಿಸಿ. ಗಾಡಿಯೊಳಗಿನ ಫ್ರಿಜ್, ಇನ್ವರ್ಟರ್ ಆಫ್ ಮಾಡಿ. ದೊಡ್ಡ ಸೋರಿಕೆಯಾದರೆ ಕಿವಿಗೇ ಕೇಳುತ್ತದೆ. ಒಂದು ಮೊಳ ನೀರಿನ ಪೈಪಿನ ತುದಿಯನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಜಾಯಿಂಟ್‌ಗಳ ಹತ್ತಿರ ಆಡಿಸಿದರೆ "ಸುಯ್" ಅನ್ನುವ ಜಾಗ ಚೆನ್ನಾಗಿ ಸಿಗುತ್ತದೆ. ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಲಾರಿ ಸದ್ದಿನಲ್ಲಿ ಇದು ಸಾಧ್ಯವಿಲ್ಲ, ಬೆಳಗಿನ ಜಾವ ನೋಡಿ.

ಸಣ್ಣ ಸೋರಿಕೆಗೆ ದೊಡ್ಡ ಗುಳ್ಳೆ ಏಳುವುದಿಲ್ಲ. ಸಿಂಪಡಿಸಿದ ಮೇಲೆ ಒಂದೆರಡು ನಿಮಿಷ ಕಾಯಬೇಕು. ಆಗ ಒಂದು ಕಡೆ ಹಾಲಿನ ಕೆನೆಯಂಥ ಬಿಳಿ ನೊರೆ ನಿಧಾನಕ್ಕೆ ದಪ್ಪವಾಗುತ್ತಾ ಬರುತ್ತದೆ. ಅದೇ ಜಾಗ. ಅವಸರದಲ್ಲಿ ಸಿಂಪಡಿಸುತ್ತಾ ಮುಂದೆ ಹೋದವರಿಗೆ ಇದು ಕಾಣುವುದೇ ಇಲ್ಲ. ಬೆಲೋಸ್‌ನಲ್ಲಿ ಮೇಲಿನ ಪ್ಲೇಟಿಗೆ ರಬ್ಬರ್ ಕೂರುವ ಅಂಚು ಮತ್ತು ಕೆಳಗೆ ಪಿಸ್ಟನ್ (ಬೆಲೋಸ್ ಕೂರುವ ತಳದ ಭಾಗ) ಮೇಲೆ ಮಡಚಿಕೊಳ್ಳುವ ಸುತ್ತು ಮುಖ್ಯ. ಆ ಮಡಿಕೆಯೊಳಗೆ ಕಲ್ಲುಪುಡಿ, ಮಣ್ಣು ಕೂತು ರಬ್ಬರನ್ನು ಉಜ್ಜುತ್ತದೆ. ಭೀಮಸಮುದ್ರದ ಕಡೆ ಅದಿರು ಲಾರಿಗಳ ಹಿಂದೆ ಓಡಾಡಿದ ಗಾಡಿಯಾದರೆ ಮೊದಲು ಬರೀ ನೀರಲ್ಲಿ ತೊಳೆಯಿರಿ. ಕೆಂಪು ಕೆಸರಿನ ಮೇಲೆ ಸೋಪು ಹಾಕಿದರೆ ನೊರೆ ಏನೂ ಹೇಳುವುದಿಲ್ಲ. ಬಾಡಿ ಎತ್ತರದಲ್ಲಿದ್ದಾಗ ಒಮ್ಮೆ, ಇಳಿದಾಗ ಒಮ್ಮೆ ಪರೀಕ್ಷಿಸಿ. ಬಿರುಕು ಮಡಿಕೆಯಲ್ಲಿದ್ದರೆ ಒಂದು ಎತ್ತರದಲ್ಲಿ ಬಾಯಿ ಬಿಡುತ್ತದೆ, ಇನ್ನೊಂದರಲ್ಲಿ ಮುಚ್ಚಿಕೊಳ್ಳುತ್ತದೆ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳಷ್ಟೇ ಇದ್ದರೆ ಇನ್ನೂ ಓಡುತ್ತದೆ. ಒಳಗಿನ ದಾರ ಕಂಡರೆ ಬದಲಾಯಿಸಲೇಬೇಕು, ಆಗ ಆ ಆಕ್ಸಲ್‌ನ ಅದೇ ವಯಸ್ಸಿನ ಜೊತೆಗಾರನನ್ನೂ ಬದಲಾಯಿಸುವುದು ಲೇಸು.

ಕೆಲಸ ಮುಗಿದ ಮೇಲೆ ಸೋಪನ್ನು ನೀರು ಹಾಕಿ ತೊಳೆದುಬಿಡಿ, ಅಲ್ಯುಮಿನಿಯಂ ಬಾಡಿಯ ವಾಲ್ವ್‌ಗಳ ಮೇಲೆ ಅದು ಉಳಿಯಬಾರದು.

ಪೈಪಿನ ತುದಿ

ನನ್ನ ಪ್ರಕಾರ ನಮ್ಮ ಗಾಡಿಗಳಲ್ಲಿ ಜಾಸ್ತಿ ಸೋರುವುದು ನೈಲಾನ್ ಪೈಪು ಯೂನಿಯನ್ನಿಗೆ ಸೇರುವ ಜಾಗ. ಚಿತ್ರದುರ್ಗದಲ್ಲಿ ಸ್ನೇಹಿತರೊಬ್ಬರ ಕ್ಯಾರವಾನಿಗೆ ಎಡ ಹಿಂದಿನ ಎರಡೂ ಬೆಲೋಸ್ ಹೊಸದು ಹಾಕಿಸಿದ ಮೇಲೂ ಗಾಡಿ ವಾಲುತ್ತಲೇ ಇತ್ತು. ಬಾಲ್ ಕಾಕ್ ಹಾಕಿದಾಗ ಸೋರಿಕೆ ಬೆಲೋಸ್ ಕಡೆಯೇ ಬಂತು. ಪೈಪನ್ನು ಬರೀ ಒತ್ತಿ ಸಿಕ್ಕಿಸುವ ಪುಶ್ ಫಿಟ್ಟಿಂಗ್‌ನಿಂದ ಪೈಪ್ ಎಳೆದು ತುದಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದರೆ ಉದ್ದಕ್ಕೆ ಒಂದು ಸಣ್ಣ ಗೀರು, ಉಗುರಿಗೆ ಮಾತ್ರ ತಾಗುವಷ್ಟು. ಓ ರಿಂಗ್ ಕೂರುವ ಜಾಗವನ್ನು ದಾಟಿ ಒಳಗಿನವರೆಗೂ ಹೋಗಿತ್ತು. ಗಾಳಿಗೆ ಅಷ್ಟು ದಾರಿ ಸಾಕು. ಪೈಪಿನ ತುದಿಯನ್ನು ಒಂದಿಂಚು ಕತ್ತರಿಸಿ ಮತ್ತೆ ತಳ್ಳಿದ್ದಷ್ಟೇ, ವಾಲುವುದು ನಿಂತಿತು.

ಪೈಪ್ ಕತ್ತರಿಸುವಾಗ ಹ್ಯಾಕ್ಸಾ ಬ್ಲೇಡ್ ಬೇಡ. ಅದು ಬಿಟ್ಟ ಮುಳ್ಳು ಓ ರಿಂಗನ್ನು ಕೊಯ್ಯುತ್ತದೆ. ಪೈಪ್ ಕಟರ್‌ನಲ್ಲಿ ನೇರವಾಗಿ ಕತ್ತರಿಸಿ, ತಳ ಮುಟ್ಟುವವರೆಗೆ ಒತ್ತಿ, ಒಮ್ಮೆ ಎಳೆದು ನೋಡಿ. ಪೈಪು ಚಾಸಿಯ ಅಂಚಿಗೋ ಕ್ಲಿಪ್ಪಿಗೋ ಉಜ್ಜುತ್ತಿದ್ದರೆ ರಬ್ಬರ್ ತೋಳು ಹಾಕಿ. ಮೆಕ್ಕೆಜೋಳದ ಗೋದಾಮಿನ ಪಕ್ಕ ನಿಲ್ಲಿಸುವವರು ಇಲಿ ಕಡಿದ ಗುರುತೂ ಹುಡುಕಿ. ಯೂನಿಯನ್ನಿನ ಎಳೆಗೆ (ಥ್ರೆಡ್) ಟೆಫ್ಲಾನ್ ಟೇಪ್ ಸುತ್ತುವ ಅಭ್ಯಾಸ ನೀರಿನ ನಲ್ಲಿಗೆ ಸರಿ. ಇಲ್ಲಿ ಅದರ ಚೂರು ಗಾಳಿಯ ಜೊತೆ ಹೋಗಿ ಲೆವೆಲಿಂಗ್ ವಾಲ್ವ್‌ನ ಸೀಟಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಒಂದು ಸೋರಿಕೆ ರಿಪೇರಿ ಮಾಡಿ ಇನ್ನೊಂದು ತಂದುಕೊಂಡಂತೆ. ಎಳೆಗೆ ಹಚ್ಚುವ ದ್ರವದ ಸೀಲೆಂಟ್ ಬಳಸಿ, ಅದನ್ನೂ ಮೊದಲ ಎಳೆ ಬಿಟ್ಟು ಹಚ್ಚಿ.

ಡ್ರೈಯರ್ ಮತ್ತು ಟ್ಯಾಂಕ್ ಬಗ್ಗೆ ಎರಡೇ ಮಾತು. ಡ್ರೈಯರ್ ಕೆಳಗಿನಿಂದ "ಫುಸ್" ಒಮ್ಮೆ ಬಂದು ನಿಲ್ಲಬೇಕು. ಎಂಜಿನ್ ಆಫ್ ಮಾಡಿದ ಮೇಲೂ ಅಲ್ಲಿಂದ ಗಾಳಿ ಬರುತ್ತಿದ್ದರೆ ಅದರ ಚೆಕ್ ವಾಲ್ವ್ ಸರಿಯಿಲ್ಲ. ಟ್ಯಾಂಕಿನ ಡ್ರೈನ್ ಎಳೆದಾಗ ನೀರು ಬಂದರೆ ಡ್ರೈಯರ್ ಕಾರ್ಟ್ರಿಜ್ ಬದಲಾಯಿಸುವ ಹೊತ್ತಾಗಿದೆ. ಆ ನೀರೇ ಲೆವೆಲಿಂಗ್ ವಾಲ್ವ್‌ಗಳನ್ನು ಒಳಗಿಂದ ತಿನ್ನುವುದು. ಎಣ್ಣೆ ಬಂದರೆ ಕಂಪ್ರೆಸರ್ ತೋರಿಸಿ.

ಎಷ್ಟಕ್ಕೆ ಸಾಕು ಅನ್ನಬೇಕು

ಒಂದು ರಾತ್ರಿ ನಿಂತು ಎತ್ತರ ಹೆಚ್ಚುಕಮ್ಮಿ ಹಾಗೇ ಇದ್ದರೆ ಗಾಡಿ ಚೆನ್ನಾಗಿದೆ ಅಂತಲೇ ಲೆಕ್ಕ. ವಾರಗಟ್ಟಲೆ ನಿಂತ ಮೇಲೆ ಇಳಿಯುವುದನ್ನು ಬೆನ್ನು ಹತ್ತಿದರೆ ದುಡ್ಡಿಗೂ ಕೊನೆಯಿಲ್ಲ, ಹುಡುಕಾಟಕ್ಕೂ ಕೊನೆಯಿಲ್ಲ. ಜಾಕ್ ಕೊಟ್ಟು ಗಾಡಿ ಸಮ ಮಾಡಿ ನಿಲ್ಲಿಸುವವರು ಒಂದು ಗಮನಿಸಿ: ಜಾಕ್ ಬಾಡಿಯನ್ನು ಎತ್ತಿದಾಗ ಲೆವೆಲಿಂಗ್ ವಾಲ್ವ್ "ಜಾಸ್ತಿ ಎತ್ತರವಾಯ್ತು" ಅಂತ ಬೆಲೋಸ್‌ನಿಂದ ಗಾಳಿ ಬಿಟ್ಟುಬಿಡುತ್ತದೆ. ಆಗ ಕೇಳುವ ಸದ್ದು ಸೋರಿಕೆಯದಲ್ಲ.

ಕುಸಿದ ಗಾಡಿಯನ್ನು ಹಾಗೇ ಓಡಿಸಿದರೆ ಮಾತ್ರ ಚೆನ್ನಾಗಿದ್ದ ಬೆಲೋಸ್ ಕೂಡ ಮಡಿಕೆಯಲ್ಲಿ ಸಿಕ್ಕಿ ಹರಿಯುತ್ತದೆ, ಟೈರು ಮೇಲಿನ ಬಾಡಿಗೆ ತಾಗುತ್ತದೆ. ಎಂಜಿನ್ ಚಾಲೂ ಮಾಡಿ, ಗೇಜ್ ತುಂಬಿ, ನಾಲ್ಕೂ ಮೂಲೆ ಅಳತೆಗೆ ಬಂದ ಮೇಲೆಯೇ ಗೇರ್ ಹಾಕಿ. ರಿಪೇರಿ ಆದ ದಿನ ಸಂಜೆ ಮತ್ತೆ ಅದೇ ನೆಲದ ಮೇಲೆ ನಿಲ್ಲಿಸಿ, ಅವೇ ಜಾಗಗಳಲ್ಲಿ ಟೇಪ್ ಹಿಡಿದು, ಹಳೇ ಅಳತೆಯ ಪಕ್ಕದಲ್ಲೇ ಹೊಸದನ್ನೂ ಬರೆದಿಡಿ. ಮುಂದಿನ ಸಲ ಯಾರಾದರೂ "ಬಲೂನ್ ಹಾಕ್ಸಿ ಸಾರ್" ಅಂದರೆ ಆ ಹಾಳೆ ತೋರಿಸಿ ಮಾತಾಡಬಹುದು.